ಓದು ಬಾರದವರ ಕನ್ನಡಕ

ನಮ್ಮ ಮನೆಗೆ ಮೊದಲು ಬಂದ ಕನ್ನಡಕ ನನ್ನದು. ಹೈಸ್ಕೂಲಿನಲ್ಲಿದ್ದಾಗ, ಕಪ್ಪುಹಲಗೆಯ ಮೇಲಿನ ಅಕ್ಷರಗಳು ಮಸುಕಾಗಿ ಕಾಣುತ್ತಿವೆ ಎಂದು ನಾನು ಹೇಳಿದ ವಾರದೊಳಗೆ ಅಪ್ಪ ನನ್ನನ್ನು ತಿಪಟೂರಿಗೆ ಕರೆದೊಯ್ದು, ಕಣ್ಣು ತೋರಿಸಿ, ಕನ್ನಡಕ ಕೊಡಿಸಿದರು. ಓದುವ ಹುಡುಗಿ, ಕಣ್ಣು ಮುಖ್ಯ ಎಂದರು. ಎರಡನೆಯದು ಅಪ್ಪನದೇ, ಬೆಳಗಿನ ಪತ್ರಿಕೆ ಓದುವುದಕ್ಕೆ. ಮೂರನೆಯದು ತಮ್ಮನ ಕಪ್ಪು ಕನ್ನಡಕ. ಬೈಕಿನಲ್ಲಿ ಹೋಗುವಾಗ ಬಿಸಿಲಿಗೂ ಧೂಳಿಗೂ ಬೇಕೆಂದು ಹೇಳಿ ಕೊಂಡನಾದರೂ, ಅದು ಅವನ ಕಣ್ಣಿನ ಮೇಲೆ ಇದ್ದದ್ದಕ್ಕಿಂತ ತಲೆಯ ಮೇಲೆ ಇದ್ದದ್ದೇ ಹೆಚ್ಚು. ಅದಕ್ಕೂ ಮನೆಯಲ್ಲಿ ಯಾರೂ ಕಾರಣ ಕೇಳಲಿಲ್ಲ. ನಾಲ್ಕನೆಯ ಕನ್ನಡಕ, ಅಂದರೆ ಅವ್ವನದು, ಬರಬೇಕಾದರೆ ಮಾತ್ರ ಅವಳ ಹೆಬ್ಬೆರಳು ಸೀಳಬೇಕಾಯಿತು. ಇದನ್ನು ಸಮಾಧಾನದಿಂದ ಬರೆಯಬೇಕೆಂದು ಕುಳಿತಾಗಲೆಲ್ಲ ಬರೆದದ್ದನ್ನು ಹರಿದುಹಾಕಿದ್ದೇನೆ. ಆದ್ದರಿಂದ ಸಮಾಧಾನದ ಆಸೆಯನ್ನು ಬಿಟ್ಟು ಬರೆಯುತ್ತಿದ್ದೇನೆ.

ಅವ್ವನಿಗೆ ಓದು ಬರುವುದಿಲ್ಲ. ಅವಳ ಕಡೆಯಲ್ಲಿಯೂ ಅಪ್ಪನ ಕಡೆಯಲ್ಲಿಯೂ ಪದವಿಯವರೆಗೆ ಹೋದವಳು ನಾನೇ ಮೊದಲು. ಈಗ ತುರುವೇಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ವಾಣಿಜ್ಯಶಾಸ್ತ್ರದ ಪಾಠ ಮಾಡುತ್ತೇನೆ. ನಮ್ಮ ಹಳ್ಳಿ ಬಿಳಿಗೆರೆಗೆ ಹತ್ತಿರದ್ದು. ನಮ್ಮ ತೋಟ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಅಟ್ಟ ತುಂಬುವಷ್ಟು ಕಾಯಿ ಬರುತ್ತದೆ. ಇಲ್ಲಿ ಕಾಯಿಯನ್ನು ಇಳಿಸಿದ ಕೂಡಲೇ ಮಾರುವವರು ಕಡಿಮೆ. ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿಯೇ ಬತ್ತಿ, ಅಲ್ಲಾಡಿಸಿದರೆ ಉಂಡೆ ಉರುಳಿದಂತೆ ಸದ್ದು ಬರುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಕಾಯುತ್ತೇವೆ. ಆಮೇಲೆ ಗಂಡಸರು ಸಿಪ್ಪೆ ಸುಲಿದುಕೊಡುತ್ತಾರೆ. ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯುವುದು ಹೆಂಗಸರ ಕೆಲಸ. ಎಡಗೈಯಲ್ಲಿ ಕಾಯಿಯನ್ನು ಹಿಡಿದು, ಬಲಗೈಯ ಸಣ್ಣ ಮಚ್ಚಿನಿಂದ ಸುತ್ತಲೂ ಹದವಾಗಿ ಏಟು ಹಾಕುತ್ತ, ಒಳಗಿನ ಕೊಬ್ಬರಿಗೆ ತಾಗದಂತೆ ಚಿಪ್ಪನ್ನು ಮಾತ್ರ ಎಬ್ಬಿಸಬೇಕು. ಮಚ್ಚು ತುಸು ಆಳಕ್ಕೆ ಹೋದರೆ ಕೊಬ್ಬರಿಗೆ ಗಾಯ, ಮಾರುವ ಮಂಡಿಯಲ್ಲಿ ಅದು ಕಡಿಮೆ ಬೆಲೆಯ ಬೇರೆ ಗುಡ್ಡೆಗೆ ಹೋಗುತ್ತದೆ. ತುಸು ಪಕ್ಕಕ್ಕೆ ಹೋದರೆ ಬೆರಳಿಗೆ.

ನಮ್ಮ ಬೀದಿಯಲ್ಲಿ ಈ ಕೆಲಸ ಮುಯ್ಯಿಯ ಮೇಲೆ ನಡೆಯುತ್ತದೆ. ಇವತ್ತು ಬೀದಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಕುಳಿತು ಚಿಪ್ಪು ಬಿಡಿಸಿದರೆ, ಅವರವರ ಅಟ್ಟದ ಕಾಯಿ ಇಳಿಸಿದ ದಿನ ಅವ್ವ ಹೋಗಿ ಅವರ ಅಂಗಳದಲ್ಲಿ ಕೂರಬೇಕು. ಕೂಲಿಯ ಪ್ರಶ್ನೆಯಿಲ್ಲ. ಬಂದವರಿಗೆ ಊಟ, ಎಲೆ ಅಡಿಕೆ, ಮತ್ತು ದಿನವಿಡೀ ಮಾತು. ಅವ್ವನ ಜೀವನದಲ್ಲಿ ಹಬ್ಬ, ಮದುವೆಗಳಿಗಿಂತ ಹೆಚ್ಚಿನ ನಗು ಇದ್ದದ್ದು ಆ ಗುಂಪಿನಲ್ಲಿ. ಯಾವ ಮನೆಯ ಸೊಸೆ ಏನೆಂದಳು, ಯಾವ ಮಾವ ಎಲ್ಲಿ ಜಾರಿಬಿದ್ದ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಗುಂಪಿನಲ್ಲಿ ಅವ್ವನ ಜಾಗ ಯಾವಾಗಲೂ ನಡುವೆ, ಏಕೆಂದರೆ ಎಲ್ಲರಿಗಿಂತ ಬೇಗ ಕೈ ಆಡುತ್ತಿದ್ದುದು ಅವಳದು.

ನಲವತ್ತೈದು ದಾಟಿದ ಮೇಲೆ ಆ ಕೈ ನಿಧಾನವಾಯಿತು. ಮೊದಮೊದಲು ಅವ್ವ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು; ಅದು ನಮ್ಮೆಲ್ಲರಿಗೂ ತಮಾಷೆಯ ವಿಷಯವಾಗಿತ್ತು. ಅನಂತರ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಬಾಗಿಲಿನಾಚೆಯ ಬಿಸಿಲಿಗೆ ಹೋಗಿ ಕೂರತೊಡಗಿದಳು. ಅನ್ನದಲ್ಲಿ ಕಲ್ಲು ಸಿಕ್ಕ ದಿನ ಅಪ್ಪ ತಟ್ಟೆಯನ್ನು ತಳ್ಳಿ, "ನನ್ ಹಲ್ಲು ಮುರ್ಸಕ್ಕೇ ಕೂತಿದೀಯೇನೇ? ಗ್ಯಾನ ಎಲ್ಲಿಟ್ಟಿರ್ತೀಯ?" ಎಂದು ರೇಗುತ್ತಿದ್ದರು. ಅವ್ವನ ಎಡಗೈಯ ಯಾವುದಾದರೊಂದು ಬೆರಳಿಗೆ ಬಟ್ಟೆಯ ಚೂರು ಸುತ್ತಿರುವುದು ಮಾಮೂಲಾಯಿತು. ಜ್ಞಾನ ಎಲ್ಲಿಟ್ಟಿರುತ್ತಾಳೆ ಎಂದು ಕೇಳಿದವರು ಮನೆಯ ತುಂಬ ಇದ್ದರು. ಕಣ್ಣು ಹೇಗಿದೆ ಎಂದು ಕೇಳಿದವರಿಲ್ಲ.

ಹೋಬಳಿಯ ಶಾಲೆಯಲ್ಲಿ ಉಚಿತ ನೇತ್ರ ತಪಾಸಣೆ ನಡೆದಾಗ ಅವ್ವ ಬೀದಿಯ ಹೆಂಗಸರೊಡನೆ ಹೋಗಿಬಂದಳು. ಆ ದಿನ ನಾನು ಕಾಲೇಜಿನಲ್ಲಿದ್ದೆ. ಅಲ್ಲಿ ನಡೆದದ್ದನ್ನು ಅವಳೇ ಸಂಜೆ ಹೇಳಿದಳು. ದೂರದ ಗೋಡೆಯ ಮೇಲೆ ಬಾಚಣಿಗೆಯಂಥ ಗುರುತುಗಳಿದ್ದುವಂತೆ. ಅದರ ಹಲ್ಲು ಮೇಲಕ್ಕಿದೆಯೋ ಕೆಳಕ್ಕಿದೆಯೋ ಕೈಯಲ್ಲಿ ತೋರಿಸಬೇಕು. ಅವಳು ಎಲ್ಲವನ್ನೂ ಸರಿಯಾಗಿ ತೋರಿಸಿದಳು. ಆಮೇಲೆ ಪರೀಕ್ಷಿಸುವವನು ಒಂದು ಅಕ್ಷರದ ಕಾರ್ಡು ಎತ್ತಿಕೊಂಡ.

"'ಓದಕ್ ಬತ್ತದಾ ಅಮ್ಮ' ಅಂದ. 'ಇಲ್ಲ ಕಣಪ್ಪ' ಅಂದೆ. ಕಾರ್ಡು ಕೆಳಗಿಟ್ಟು, 'ಏನೂ ತೊಂದ್ರೆ ಇಲ್ಲ, ಹೋಗಿ' ಅಂದ."

"ಅಷ್ಟೇನಾ?"

"ಅಷ್ಟೇ ಕಣವ್ವ. ನಮ್ ಸಾಲಲ್ಲಿ ಎಲ್ಲಾರ್ಗೂ ಅಷ್ಟೇ."

ಓದು ಬಾರದಿದ್ದರೆ ಹತ್ತಿರದ ದೃಷ್ಟಿಯನ್ನು ಪರೀಕ್ಷಿಸುವ ಅಗತ್ಯವಿಲ್ಲ ಎಂದು ತೀರ್ಮಾನಿಸಿದವನಿಗೆ ಏನೆಂದು ಹೇಳಬೇಕೋ ನನಗೆ ಈಗಲೂ ತಿಳಿಯದು. ಮನೆಯಲ್ಲಿ ಮಾತ್ರ ಅವನ ಮಾತೇ ಶಾಸನವಾಯಿತು. "ತೊಂದ್ರೆ ಇಲ್ಲ ಅಂತ ಡಾಕ್ಟ್ರೇ ಹೇಳವ್ರೆ" ಎಂದು ಅಪ್ಪ ಊಟದ ಹೊತ್ತಿಗೆಲ್ಲ ನೆನಪಿಸಿದರು. ಇನ್ನು ಅನ್ನದ ಕಲ್ಲಿಗೆ ಅವ್ವನ ಅಸಡ್ಡೆಯೊಂದೇ ಕಾರಣವಾಗಿ ಉಳಿಯಿತು.

ಇದಾದ ಕೆಲವು ದಿನಗಳಿಗೆ ಅಪ್ಪನ ಕನ್ನಡಕದ ಎಡಗಣ್ಣಿನ ಮೇಲೆ ಉದ್ದಕ್ಕೆ ಒಂದು ಗೀರು ಕಾಣಿಸಿಕೊಂಡಿತು.

"ನನ್ ಕನ್ನಡಕ ಯಾವನ್ಲಾ ಮುಟ್ಟಿದ್ದು?" ಎಂದು ಅಪ್ಪ ತಮ್ಮನ ಮೇಲೆ ಹರಿಹಾಯ್ದರು.

"ನಂಗ್ಯಾಕಪ್ಪ ನಿನ್ ಮುದುಕ್ರು ಕನ್ನಡಕ? ಅಕ್ಕನ್ನ ಕೇಳು."

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವ್ವನ ದನಿ ಬಂತು. "ನಾನೇ ಹಾಕ್ಕಂಡಿದ್ದೆ. ಕೊಬ್ಬರಿ ಬಿಡಿಸ್ತಿದ್ದೆ, ಚಿಪ್ಪು ಸಿಡೀತು."

ಅಪ್ಪ ಅಡುಗೆಮನೆಯ ಬಾಗಿಲಿನ ಕಡೆಗೆ ತಿರುಗಿದರು. ಕೋಪಕ್ಕಿಂತ ಅವರಿಗೆ ಆಶ್ಚರ್ಯವೇ ಹೆಚ್ಚಾದಂತಿತ್ತು. "ನಿಂಗ್ಯಾಕೇ ಕನ್ನಡಕ? ನೀನೇನ್ ಪೇಪರ್ ಓದ್ತೀಯಾ?"

"ಕೊಬ್ಬರಿ ರೇಟ್ ನೋಡ್ತಿತ್ತೇನೋ ಬುಡಪ್ಪ" ಎಂದು ತಮ್ಮ ನಕ್ಕ.

ಅವ್ವನೂ ನಕ್ಕಳು. ನನಗೆ ಅವರಿಬ್ಬರ ನಗುವಿಗಿಂತ ಅವಳ ನಗು ಹೆಚ್ಚು ಸಿಟ್ಟು ತರಿಸಿತು. ಅಪ್ಪ ಹೊರಗೆ ಹೋದ ಮೇಲೆ ಕೇಳಿದೆ: ಅದನ್ನು ಹಾಕಿಕೊಂಡರೆ ಕಾಣುತ್ತದೆಯೇ? ಕಾಣುತ್ತದೆ, ಆದರೆ ಕಾಯಿಯನ್ನು ಮುಖದ ಹತ್ತಿರಕ್ಕೆ ತರಬೇಕು, ಇಲ್ಲವೇ ಮುಖವನ್ನೇ ಕಾಯಿಯ ಹತ್ತಿರಕ್ಕೆ ಒಯ್ಯಬೇಕು ಎಂದಳು. ಪತ್ರಿಕೆ ಹಿಡಿಯುವ ದೂರಕ್ಕೆಂದು ಮಾಡಿದ ಕನ್ನಡಕ ಅದು. ಅವಳ ಕಾಯಿ ಇರುವುದು ಮೊಣಕಾಲಿನ ಮುಂದೆ, ನೆಲದ ಮೇಲಿನ ಮರದ ತುಂಡಿಗೆ ಆತುಕೊಂಡು. ಅಷ್ಟು ಬಾಗಿದ್ದಕ್ಕೇ ಚಿಪ್ಪು ನೇರವಾಗಿ ಗಾಜಿಗೆ ಸಿಡಿದಿತ್ತು. ಗಾಜು ಇಲ್ಲದಿದ್ದರೆ ಎಲ್ಲಿಗೆ ಸಿಡಿಯುತ್ತಿತ್ತು ಎಂಬ ಯೋಚನೆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಗೀರು ಬಿದ್ದ ಕನ್ನಡಕದ ಬಗ್ಗೆ ಮಾತ್ರ ವಾರವಿಡೀ ಮಾತು ನಡೆಯಿತು.

ಮುಯ್ಯಿಯ ಗುಂಪಿನಲ್ಲಿಯೂ ವಿಷಯ ಮುಚ್ಚಿಡುವಂತಿರಲಿಲ್ಲ. ಎದುರುಮನೆಯ ದೊಡ್ಡಮ್ಮನವರ ಅಟ್ಟ ಇಳಿಸಿದ ದಿನ ಅವ್ವ ಬಿಡಿಸಿದ ಕೊಬ್ಬರಿಯಲ್ಲಿ ಗಾಯದವು ಹೆಚ್ಚಾಗಿದ್ದುವು. ಆ ದೊಡ್ಡಮ್ಮ ಗಟ್ಟಿ ಮಾತಿನವರು, ಆದರೆ ಕೆಟ್ಟವರಲ್ಲ. ಎಲ್ಲರ ಎದುರಿನಲ್ಲಿ ಏನೂ ಅನ್ನದೆ, ಮಧ್ಯಾಹ್ನದ ಊಟವಾದ ಮೇಲೆ ಮೆತ್ತಗೆ, "ನೀನು ಚಿಪ್ಪು ಗುಡಿಸಿ ಒಟ್ಟು ಮಾಡ್ಬುಡು ಕಣೇ, ಮಚ್ಚಿನ ಕೆಲ್ಸ ಮಿಕ್ಕೋರು ನೋಡ್ಕಂತಾರೆ" ಎಂದರಂತೆ. ಚಿಪ್ಪು ಗುಡಿಸುವುದು ಹೊಸದಾಗಿ ಬಂದ ಸೊಸೆಯರ ಕೆಲಸ. ಅವ್ವ ಸಂಜೆಯವರೆಗೆ ಗುಡಿಸಿ ಬಂದಳು. ಅಂದು ಅವಳು ನನಗೂ ತಮ್ಮನಿಗೂ ಒಂದೇ ಒಂದು ಮಾತು ಹೇಳಿದಳು: "ನಂಗೊಂದು ಕನ್ನಡಕ ಕೊಡ್ಸಿ."

ಅವ್ವ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಭಾನುವಾರವೇ ನಾನು ಕರೆದೊಯ್ಯುತ್ತೇನೆ ಎಂದೆ. ತಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಾರನೆಯ ದಿನ ನಾನು ಕಾಲೇಜಿನಲ್ಲಿದ್ದಾಗ, ಮಂಡಿಗೆ ಹೊರಟವನು ಅವ್ವನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ತಿಪಟೂರಿಗೆ ಹೋಗಿದ್ದ. ಸಂಜೆ ಮನೆಗೆ ಬಂದು ನೋಡಿದರೆ, ಜಗುಲಿಯ ಮೇಲೆ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಅಪ್ಪಟ ಕಪ್ಪು, ಒಳಗಿನ ಕಣ್ಣು ಕಾಣದಂಥದು. ಒಂದು ಗಾಜಿನ ಮೂಲೆಯಲ್ಲಿ ಹೊಳೆಯುವ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಇದೇನೋ ಇದು?"

"ಕೂಲಿಂಗ್ ಗ್ಲಾಸ್ ಕಣಕ್ಕ. ಅಂಗ್ಡಿಯೋರೇ ಹೇಳಿದ್ರು. ಓದೋರಲ್ಲ ಅಂದ್ಮೇಲೆ ಹತ್ರದ್ದು ಬೇಡ, ಬಿಸ್ಲಲ್ಲಿ ಕೂತ್ಕಂಡು ಕೆಲ್ಸ ಮಾಡೋರ್ಗೆ ಇದೇ ಸರಿ ಅಂತ. ನನ್ನದ್ಕಿಂತ ಒಳ್ಳೇದು ಗೊತ್ತಾ?"

ಬೈಕಿನವನಿಗೆ ಯಾವುದು ಬೇಕೋ ಅದನ್ನೇ ಕೊಬ್ಬರಿ ಬಿಡಿಸುವವಳಿಗೂ ತಂದಿದ್ದ; ತನ್ನ ಪ್ರೀತಿಯೂ ಇದರಲ್ಲಿದೆ ಎಂಬಂತೆ ನಿಂತಿದ್ದ. ಪ್ರೀತಿ ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇದು ಉಪಯೋಗಕ್ಕೆ ಬರುವುದಿಲ್ಲ, ಮಚ್ಚು ಹಿಡಿಯುವಾಗ ಹಾಕಿಕೊಳ್ಳಬಾರದು, ಭಾನುವಾರ ಹೋಗಿ ಬದಲಾಯಿಸೋಣ ಎಂದು ನಾನು ಸ್ಪಷ್ಟವಾಗಿಯೇ ಹೇಳಿದೆ. "ತಂದವ್ನೆ, ಪಾಪ" ಎಂದಳು ಅವ್ವ. ಮಗ ತಂದದ್ದನ್ನು ಒಂದು ದಿನವಾದರೂ ಹಾಕಿಕೊಳ್ಳದೆ ಹಿಂದಕ್ಕೆ ಕೊಡುವುದು ಅವಳಿಂದ ಆಗುವ ಕೆಲಸವಲ್ಲ.

ಶುಕ್ರವಾರ ಪಕ್ಕದ ಮನೆಯ ಅಟ್ಟ ಇಳಿಸಿದರು. ಅವ್ವ ಕಪ್ಪು ಕನ್ನಡಕದೊಡನೆ ಅಂಗಳಕ್ಕೆ ಕಾಲಿಟ್ಟ ಕೂಡಲೇ ಹೆಂಗಸರು ಕೈ ನಿಲ್ಲಿಸಿ ನಕ್ಕರಂತೆ.

"ಏನಕ್ಕಾ, ಪೊರೆ ತೆಗೆಸ್ಕಂಡು ಬಂದ್ಯಾ?"

"ಪೊರೆ ಅಲ್ಲ ಕಣೇ, ಶೂಟಿಂಗ್‌ಗೆ ಕರ್ದವ್ರೆ ನಮ್ಮಕ್ಕನ್ನ!"

"ನಿಮ್ಗೆಲ್ಲ ಹೊಟ್ಟೆಕಿಚ್ಚು. ಹೋಗ್ರೇ" ಎಂದು ಅವ್ವ ಅವರ ನಡುವೆ, ತನ್ನ ಹಳೆಯ ಜಾಗದಲ್ಲಿಯೇ ಕುಳಿತಳು. ಪೊರಕೆ ಹಿಡಿಯುವುದಿಲ್ಲ ಎಂದು ತೋರಿಸುವುದು ಅವಳಿಗೆ ಬೇಕಾಗಿತ್ತು. ಅಂಗಳದಲ್ಲಿ ಅರ್ಧ ತೆಂಗಿನ ನೆರಳು, ಅರ್ಧ ಬಿಸಿಲು. ಕಪ್ಪು ಗಾಜಿನೊಳಗೆ ಕಂದು ಚಿಪ್ಪು, ಅದನ್ನು ಹಿಡಿದ ಕಂದು ಬೆರಳು, ಎರಡೂ ಒಂದೇ ಆಗಿ ಕಂಡುವು ಎಂದು ಆಮೇಲೆ ಹೇಳಿದಳು. ಮೊದಲೇ ಮಸುಕು, ಅದರ ಮೇಲೆ ಕತ್ತಲು. ಹತ್ತು ಕಾಯಿ ಬಿಡಿಸಿರಬಹುದು. ಮಚ್ಚು ಎಡಗೈಯ ಹೆಬ್ಬೆರಳಿನ ಮೇಲೆ ಇಳಿಯಿತು.

ನನಗೆ ಫೋನು ಬಂದಾಗ ಪಾಠ ಮಾಡುತ್ತಿದ್ದೆ. ತಿಪಟೂರಿನ ಆಸ್ಪತ್ರೆಗೆ ಬರುವ ಹೊತ್ತಿಗೆ ಹೊಲಿಗೆ ಹಾಕಿ ಮುಗಿದಿತ್ತು. ಮೂಳೆಗೆ ತಾಗಿಲ್ಲ, ಬೆರಳು ಉಳಿಯುತ್ತದೆ ಎಂದರು. ಅವ್ವ ಮಂಚದ ಅಂಚಿನಲ್ಲಿ ಕುಳಿತು ಮೊದಲು ಕೇಳಿದ್ದು, "ಅವರ ಕೊಬ್ಬರೀಗೆ ರಕ್ತ ಆಗ್ಬುಡ್ತಾ ನೋಡ್ರೇ" ಎಂದು. ಅವಳ ಸೆರಗಿನಲ್ಲಿ ಆ ಕಪ್ಪು ಕನ್ನಡಕ ಇನ್ನೂ ಭದ್ರವಾಗಿತ್ತು.

ಮನೆಯಲ್ಲಿ ಅಪ್ಪ ತೀರ್ಮಾನ ಕೊಟ್ಟರು. "ಇನ್ನು ನೀನು ಮಚ್ಚು ಮುಟ್ಟಂಗಿಲ್ಲ. ಮುಯ್ಯಿಗೆ ಕೂಲಿ ಆಳು ಕಳ್ಸಾನ. ಸಾಕು." ದನಿಯಲ್ಲಿ ಕಾಳಜಿ ಇತ್ತು. ಅವ್ವ ಗೋಡೆ ನೋಡುತ್ತ ಕುಳಿತಿದ್ದಳು. ಬದಲಿಗೆ ಕೂಲಿ ಆಳನ್ನು ಕಳುಹಿಸುವ ಮನೆಯ ಹೆಂಗಸನ್ನು ಆ ಗುಂಪು ಮರುವರ್ಷಕ್ಕೆ ಕರೆಯುವುದಿಲ್ಲ. ಅದು ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮೂರಿನ ಗಂಡಸರಿಗೆ ಎಲ್ಲವೂ ಗೊತ್ತಿರುತ್ತದೆ.

"ಅಪ್ಪ, ನಿಮಗೆ ಪತ್ರಿಕೆ ಕಾಣಿಸದಿದ್ದಾಗ, ಇನ್ನು ಪತ್ರಿಕೆ ಮುಟ್ಟಬೇಡಿ ಎಂದು ಯಾರಾದರೂ ಹೇಳಿದರೇ? ಕನ್ನಡಕ ಕೊಂಡಿರಿ ತಾನೇ?" ಎಂದು ನಾನು ಕೇಳಿದೆ. ಅವರ ಎದುರಿಗೆ ಹಾಗೆ ದನಿಯೇರಿಸಿದ್ದು ಅದೇ ಮೊದಲು. ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ತೋಟದ ಕಡೆಗೆ ಹೋದರು.

ಭಾನುವಾರ ನಾನು ಅವ್ವನನ್ನು ಕರೆದುಕೊಂಡು ತಿಪಟೂರಿನ ಬಸ್ಸು ಹತ್ತಿದೆ. ಕೈಚೀಲದಲ್ಲಿ ಆ ಕಪ್ಪು ಕನ್ನಡಕ, ಸಿಪ್ಪೆ ಸುಲಿದ ಒಂದು ಒಣಕಾಯಿ ಮತ್ತು ಒಂದು ಉಂಡೆ ಕೊಬ್ಬರಿಯನ್ನು ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅಂಗಡಿಯಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಒಂದು ಪದವೂ ತಪ್ಪಬಾರದು. ತಪ್ಪಿದರೆ ಅವರು ತಪ್ಪನ್ನೇ ಹಿಡಿದು ನಗುತ್ತಾರೆ, ವಿಷಯ ಹಿಂದೆ ಬೀಳುತ್ತದೆ ಎಂಬ ಭಯ ನನ್ನನ್ನು ಬಿಟ್ಟದ್ದಿಲ್ಲ.

ಅಂಗಡಿ ದೊಡ್ಡದು, ಗೋಡೆಯ ತುಂಬ ಕನ್ನಡಿ. ಮಾಲೀಕರು ನನ್ನ ಮೂಗಿನ ಮೇಲಿನ ಕನ್ನಡಕವನ್ನು ನೋಡಿ, "ಬನ್ನಿ ಮೇಡಂ, ಕೂತ್ಕೊಳ್ಳಿ. ಹೊಸ ಫ್ರೇಮಾ?" ಎಂದರು. ಅವ್ವನಿಗೆ ಯಾರೂ ಕುರ್ಚಿ ತೋರಿಸಲಿಲ್ಲ.

"ನನಗಲ್ಲ. ಇವರು ನನ್ನ ತಾಯಿ. ಈ ವಾರ ಇವರಿಗೆ ನೀವು ಈ ಕನ್ನಡಕವನ್ನು ಕೊಟ್ಟಿದ್ದೀರಿ. ಕಣ್ಣನ್ನು ಪರೀಕ್ಷಿಸಿ ಕೊಟ್ಟಿರೋ, ಪರೀಕ್ಷಿಸದೆ ಕೊಟ್ಟಿರೋ?"

"ಪರೀಕ್ಷೆ ಮಾಡ್ದೆ ಕೊಡ್ತೀವಾ ಮೇಡಂ? ದೂರದ್ದು ಫಸ್ಟ್ ಕ್ಲಾಸಾಗಿದೆ ಅಮ್ಮಂಗೆ. ಬಸ್ ಬೋರ್ಡೆಲ್ಲ ನಿಚ್ಚಳ ಕಾಣುತ್ತೆ."

"ಕಾಣ್ತದಪ್ಪ. ಕಂಡ್ರೆ ಏನ್ಮಾಡ್ಲಿ, ಓದಕ್ ಬರಲ್ವಲ್ಲ" ಎಂದಳು ಅವ್ವ ನನ್ನ ಹಿಂದಿನಿಂದ.

"ಅದೇ ಮತ್ತೆ! ಓದೋರಾಗಿದ್ರೆ ಹತ್ರದ ಪವರ್ ಹಾಕ್ತಿದ್ವಿ. ಓದ್ದೇ ಇರೋರ್ಗೆ ಸುಮ್ನೆ ಯಾಕೆ ಅಂತ..."

"ಹತ್ತಿರದಲ್ಲಿ ಪುಸ್ತಕ ಒಂದೇ ಇರುತ್ತದೆಯೇ ಸ್ವಾಮಿ?" ಬಸ್ಸಿನಲ್ಲಿ ಜೋಡಿಸಿಕೊಂಡ ವಾಕ್ಯಗಳೆಲ್ಲ ಎಲ್ಲಿ ಹೋದುವೋ ತಿಳಿಯಲಿಲ್ಲ. "ಅಕ್ಕಿಯಲ್ಲಿ ಕಲ್ಲು ಇರುವುದಿಲ್ಲವೇ? ಮಚ್ಚಿನ ಕೆಳಗೆ ಬೆರಳು ಇರುವುದಿಲ್ಲವೇ? ಓದು ಬಾರದವರಿಗೆ ಕೈ ಇರುವುದಿಲ್ಲವೇ?" ಅವ್ವನ ಎಡಗೈಯನ್ನು ಹಿಡಿದು ಗಾಜಿನ ಮೇಜಿನ ಮೇಲೆ ಇಟ್ಟೆ. ಬಿಳಿಯ ಪಟ್ಟಿ ಸುತ್ತಿದ ಹೆಬ್ಬೆರಳು ಬಣ್ಣಬಣ್ಣದ ಫ್ರೇಮುಗಳ ನಡುವೆ ದಪ್ಪಗೆ ಕುಳಿತಿತು.

"ಮೇಡಂ, ಮೆತ್ತಗೆ. ಬೇರೆ ಗಿರಾಕಿಗಳಿದಾರೆ."

"ಇರಲಿ. ಅವರೂ ಕೇಳಲಿ."

ಕಣ್ಣು ಪರೀಕ್ಷಿಸುವವರು ನನ್ನ ವಯಸ್ಸಿನ ಮಹಿಳೆ. ಅವರು ಒಳಗಿನಿಂದ ಬಂದು, ಆ ಕಪ್ಪು ಕನ್ನಡಕವನ್ನು ತೆಗೆದುಕೊಂಡು ಒಂದು ಪುಟ್ಟ ಯಂತ್ರದ ಮೇಲೆ ಇಟ್ಟರು. ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುತ್ತದೆ ಎಂದು ಅದರ ಹೊಳೆಯುವ ಚೀಟಿ ಹೇಳುತ್ತಿತ್ತು. ಯಂತ್ರ ಹಾಗೆ ಹೇಳಲಿಲ್ಲ. ಆಕೆ ಮಾಲೀಕರ ಮುಖವನ್ನೊಮ್ಮೆ ನೋಡಿದರು. ತಡೆಯುವ ಗುಣವಿಲ್ಲದೆ ಬರಿಯ ಕಪ್ಪಾದ ಗಾಜು ಇನ್ನೂ ಅಪಾಯ. ಕತ್ತಲೆಂದು ತಿಳಿದು ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣಗಳು ಮೊದಲಿಗಿಂತ ಹೆಚ್ಚಾಗಿ ಒಳಗೆ ಹೋಗುತ್ತವೆ ಎಂದು ಅವರೇ ನನಗೆ ವಿವರಿಸಿದರು. ಮಾಲೀಕರು ಕ್ಯಾಲ್ಕುಲೇಟರನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ, "ವಾಪಸ್ ತಗೊಳ್ತೀವಿ ಬಿಡಿ" ಎಂದರು.

ಆಕೆ ಅವ್ವನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಕೈಗೆ ಒಂದು ಕಾರ್ಡು ಕೊಟ್ಟರು. ಅದರಲ್ಲಿಯೂ ಅಕ್ಷರಗಳೇ ಇದ್ದುವು.

"ದಯವಿಟ್ಟು ಅದು ಬೇಡ" ಎಂದು ನಾನು ಚೀಲದಿಂದ ಕಾಯಿಯನ್ನು ತೆಗೆದೆ. "ಇವರು ಓದುವುದು ಇದನ್ನು. ಕುರ್ಚಿಯ ಮೇಲೆ ಕುಳಿತಲ್ಲ, ನೆಲದ ಮೇಲೆ. ಆ ದೂರಕ್ಕೆ ನೋಡಿ."

"ಬ್ಯಾಡ ಸುಮ್ಕಿರವ್ವ, ನಗ್ತಾರೆ" ಎಂದು ಅವ್ವ ನನ್ನ ತೋಳು ಚಿವುಟಿದಳು. ನಿಜವಾಗಿ ಇಬ್ಬರು ಗಿರಾಕಿಗಳು ನಗುತ್ತಿದ್ದರು. ಆದರೆ ಆ ಮಹಿಳೆ ನಗದೆ, "ಕೂತ್ಕೊಳ್ಳಿ ಅಮ್ಮ, ಮನೇಲಿ ಹೆಂಗ್ ಕೂರ್ತೀರೋ ಹಂಗೆ" ಎಂದರು. ಅವ್ವ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು, ಹೊಳೆಯುವ ಆ ನೆಲದ ಮೇಲೆ ಒಂದು ಮೊಣಕಾಲು ಮಡಚಿ ಕುಳಿತಳು. ಪಟ್ಟಿಯ ಕೈಯಲ್ಲಿ ಕಾಯಿ. ಬಲಗೈಯಲ್ಲಿ ಮಚ್ಚಿನ ಬದಲು ಆಕೆ ಕೊಟ್ಟ ಪೆನ್ನು. ಆಕೆಯೂ ನೆಲದ ಮೇಲೆ ಕುಳಿತು, ಅವ್ವನ ಮೂಗಿಗೆ ಪರೀಕ್ಷೆಯ ಚೌಕಟ್ಟನ್ನು ಏರಿಸಿ, ಗಾಜುಗಳನ್ನು ಒಂದೊಂದಾಗಿ ಹಾಕಿ ತೆಗೆಯತೊಡಗಿದರು.

"ಇದು?"

"ಮಂಜು ಮಂಜು."

"ಇದು?"

"ಕಾಣ್ತದೆ, ಬಗ್ಗಬೇಕು."

"ಈಗ?"

ಅವ್ವ ಬಾಗಲಿಲ್ಲ. ಕಾಯಿಯನ್ನು ಮೆಲ್ಲಗೆ ತಿರುಗಿಸಿದಳು. "ಇದನ್ನ ತೆಗೀಬೇಡ ಕಣವ್ವ" ಎಂದಳು. "ನಾರು ಕಾಣ್ತಾ ಅವೆ. ಒಂದೊಂದೇ." ಆಮೇಲೆ ಕಾಯಿಯನ್ನು ಬಿಟ್ಟು ತನ್ನ ಎಡಗೈಯನ್ನು ನೋಡಿಕೊಂಡಳು. ಎಷ್ಟು ಗಾಯದ ಗುರುತುಗಳಿದ್ದುವೋ ಅಷ್ಟನ್ನೂ ಒಂದೊಂದಾಗಿ ಬಲಗೈಯ ಬೆರಳಿನಿಂದ ಮುಟ್ಟಿ ನೋಡಿದಳು. ಹಳೆಯವು ಬೆಳ್ಳಗಾಗಿದ್ದುವು, ಹೊಸವು ಕೆಂಪಗಿದ್ದುವು. ಅವಳ ಮುಖವನ್ನು ನೋಡುವುದು ನನ್ನಿಂದಾಗದೆ ಗೋಡೆಯ ಕಡೆಗೆ ತಿರುಗಿದೆ. ಅಲ್ಲಿಯೂ ಕನ್ನಡಿ ಇತ್ತು.

ಫ್ರೇಮು ಆರಿಸುವಾಗ ಮಾಲೀಕರು ಮತ್ತೆ ಉತ್ಸಾಹ ತಂದುಕೊಂಡರು. ಕಾಲೇಜಿನ ಮೇಡಂ ತಾಯಿಗೆ ತೆಳ್ಳಗಿನ ಚಿನ್ನದ ಬಣ್ಣದ್ದೇ ಒಪ್ಪುತ್ತದೆ ಎಂದರು. ಅದನ್ನು ಹಾಕಿಕೊಂಡು ಬಾಗಿದರೆ ಮೂಗಿನಿಂದ ಜಾರಿ ಮಡಿಲಿಗೆ ಬೀಳುತ್ತಿತ್ತು. ಕೊನೆಗೆ ಆರಿಸಿದ್ದು ಅಗಲವಾದ, ಕೆನ್ನೆಗೆ ಹೊಂದಿ ಕೂರುವ, ಪಕ್ಕದಿಂದ ಚಿಪ್ಪು ಸಿಡಿದರೂ ತಡೆಯುವಂಥ ಫ್ರೇಮು; ಏಟು ಬಿದ್ದರೂ ಚೂರಾಗದ ಪ್ಲಾಸ್ಟಿಕ್ಕಿನ ಗಾಜು; ಹಿಂದೆ ಕಟ್ಟಿಕೊಳ್ಳಲು ದಾರ. ಬಿಸಿಲಿಗೆ ತುಸು ಬಣ್ಣ ಹಾಕಿಸೋಣವೇ ಎಂದಾಗ ನಾನು ಉಂಡೆ ಕೊಬ್ಬರಿಯನ್ನು ತೆಗೆದು ತೋರಿಸಿದೆ. ಕೌಟು ಹಿಡಿದು ಕೆಟ್ಟ ಕೊಬ್ಬರಿಯ ಹಳದಿ ಕಣ್ಣಿಗೆ ಬೀಳಬೇಕು, ಬಣ್ಣದ ಗಾಜಿನಲ್ಲಿ ಎಲ್ಲವೂ ಹಳದಿಯೇ. ಬಣ್ಣವಿಲ್ಲದ ಗಾಜೇ ಆಯಿತು. ಅವ್ವ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, "ಅಯ್ಯೋ ಶಿವನೇ, ನಮ್ಮತ್ತೆ ಕಂಡಂಗೇ ಕಾಣ್ತೀನಲ್ಲೇ!" ಎಂದಾಗ ಆ ದಿನದಲ್ಲಿ ಮೊದಲ ಬಾರಿಗೆ ನನಗೂ ನಗು ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಹೊಲಿಗೆ ಬಿಚ್ಚಿ, ಬೆರಳು ಮಡಚಲು ಬಂದ ಮೇಲೆ ಅವ್ವ ದೊಡ್ಡಮ್ಮನವರ ಎರಡನೆಯ ಅಟ್ಟ ಇಳಿಸುವ ದಿನ ಹೊಸ ಕನ್ನಡಕದೊಡನೆ ಹೊರಟಳು. ಅಪ್ಪ ಜಗುಲಿಯಲ್ಲಿದ್ದರು, ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ರಜೆಯಾಗಿದ್ದರಿಂದ ನಾನೂ ಹಿಂದೆಯೇ ಹೋಗಿ ಕುಳಿತೆ. ಅವ್ವ ಮೊದಲ ಕಾಯಿಯನ್ನು ಬಿಡಿಸಿ, ಗಾಯವಿಲ್ಲದ ಉಂಡೆಯನ್ನು ದೊಡ್ಡಮ್ಮನವರ ಮಡಿಲಿಗೆ ಹಾಕಿ, "ಪೊರಕೆ ಎಲ್ಲಕ್ಕ ಇವತ್ತು?" ಎಂದಳು.

"ಬಾಯಿ ನೋಡು ಇವಳ್ದು. ಕೊಡೇ ಇಲ್ಲಿ ಅದನ್ನ" ಎಂದು ದೊಡ್ಡಮ್ಮ ಕನ್ನಡಕವನ್ನು ಕಿತ್ತುಕೊಂಡು ತಾವು ಹಾಕಿಕೊಂಡರು. ಗಟ್ಟಿ ಮಾತಿನ ಆ ಹೆಂಗಸು ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಪಕ್ಕದವಳು ಅವರಿಂದ ತೆಗೆದುಕೊಂಡಳು. ಅವಳಿಂದ ಇನ್ನೊಬ್ಬಳು. ಕನ್ನಡಕ ಗುಂಪನ್ನು ಸುತ್ತಿತು. ಒಬ್ಬಳು ಮಚ್ಚಿನ ಅಂಚನ್ನು ನೋಡಿದಳು, ಒಬ್ಬಳು ತಾಳಿಯ ಗುಂಡನ್ನು ನೋಡಿದಳು. "ಇದರಲ್ಲಿ ಇಷ್ಟೊಂದು ಗೆರೆ ಅವಾ?" ಎಂದು ಒಬ್ಬಳು ಉಗುರನ್ನೇ ನೋಡುತ್ತ ಕುಳಿತಳು. ಪವರ್ ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ, ಹಂಚಿಕೊಳ್ಳಬಾರದು ಎಂದು ನನ್ನ ಬಾಯಿಗೆ ಬಂತು. ಹೇಳಲಿಲ್ಲ. ನಲವತ್ತೈದು ದಾಟಿದ ಪ್ರತಿಯೊಬ್ಬಳ ಎಡಗೈಯಲ್ಲಿಯೂ ಅವೇ ಬೆಳ್ಳನೆಯ ಗುರುತುಗಳಿದ್ದುವು. ಇವರೆಲ್ಲರೂ ಅದೇ ಸಾಲಿನಲ್ಲಿ ನಿಂತು, ಅದೇ ಪ್ರಶ್ನೆಗೆ ಇಲ್ಲ ಎಂದು ಹೇಳಿ, ತೊಂದರೆ ಇಲ್ಲ ಎನ್ನಿಸಿಕೊಂಡು ಬಂದವರು. ವರ್ಷಗಟ್ಟಲೆ ತಮ್ಮ ಬೆರಳು ಕಾಣದೆಯೇ ಮಚ್ಚು ಬೀಸುತ್ತಿದ್ದರು. ನಮ್ಮ ಮನೆಗಳ ಗಂಡಸರು ಅದನ್ನು ಅಸಡ್ಡೆ ಎಂದು ಕರೆಯುತ್ತ ಊಟ ಮಾಡುತ್ತಿದ್ದರು. ಅಂಗಡಿಯಲ್ಲಿ ಕೂಗಿದ್ದು ಸಾಲದು ಎಂದು ನನಗೆ ಆಗ ಅನ್ನಿಸಿತು.

"ಮುಂದಿನ ಭಾನುವಾರ ಎಲ್ಲರೂ ಹೊರಡಿ. ನಾನು ಕರೆದುಕೊಂಡು ಹೋಗುತ್ತೇನೆ" ಎಂದೆ.

"ಇವಳ ಜೊತೆ ಹೋಗ್ಬ್ಯಾಡ್ರೇ, ಅಂಗ್ಡೀಲಿ ಜಗಳ ಆಡ್ತಾಳೆ" ಎಂದಳು ಅವ್ವ. "ನಾನೇ ಬತ್ತೀನಿ. ಕಾಯಿ ಮಾತ್ರ ಅವರವರದ್ದೇ ತರ್ಬೇಕು."

ಮಾರನೆಯ ಬೆಳಿಗ್ಗೆ ಅಪ್ಪ ಪತ್ರಿಕೆ ಬಿಡಿಸಿಕೊಂಡು ಜಗುಲಿಯಲ್ಲಿ ಕುಳಿತಿದ್ದರು. ಗೀರು ಬಿದ್ದ ತಮ್ಮ ಕನ್ನಡಕವನ್ನು ಒರೆಸಿ ಒರೆಸಿ ಸಾಕಾಗಿ, ಗೂಡಿನಲ್ಲಿದ್ದ ಅವ್ವನ ಕನ್ನಡಕಕ್ಕೆ ಕೈ ಹಾಕಿದರು. ದಾರವನ್ನು ಪಕ್ಕಕ್ಕೆ ಸರಿಸಿ ಮೂಗಿಗೆ ಏರಿಸಿಕೊಂಡರು. ಪತ್ರಿಕೆಯನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಇದೇನೇ, ಇದರಲ್ಲಿ ಅಕ್ಷರ ಎಲ್ಲ ಕಲಸ್ಕಂಡವೆ?"

ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹೊಸಿಲು ದಾಟಿ ಬಂದಳು. ಅವರ ಎದುರಿಗೆ ಬಂದು ನಿಂತು, ಖಾಲಿಯಿದ್ದ ಕೈಯನ್ನು ಚಾಚಿದಳು. ಹೆಬ್ಬೆರಳು ಪೂರ್ತಿ ನೆಟ್ಟಗಾಗಿರಲಿಲ್ಲ, ಈಗಲೂ ಆಗಿಲ್ಲ.

"ಅದು ಪೇಪರ್‌ಗಲ್ಲ ಕಣ್ರೀ. ಕೊಡಿ ಇಲ್ಲಿ, ನಂಗೆ ಕೆಲ್ಸ ಐತೆ."

ಅಪ್ಪ ಕೊಟ್ಟರು. ಅವ್ವ ಅದನ್ನು ಹಾಕಿಕೊಂಡು, ದಾರವನ್ನು ತಲೆಯ ಹಿಂದೆ ಬಿಗಿದು, ಬಿಸಿಲಿಗೆ ಹೋಗದೆ ಜಗುಲಿಯ ನೆರಳಿನಲ್ಲಿಯೇ ಕುಳಿತು ಕಲ್ಲು ಆರಿಸತೊಡಗಿದಳು.